ಕೆಂಪು ಪೆಟ್ಟಿಗೆಯ ಇತಿಹಾಸ, ಹಸಿರು ಪೆಟ್ಟಿಗೆಯ ವಿಜ್ಞಾನ: ಐದನೆಯ ತರಗತಿಯ ಪ್ರಶ್ನೋತ್ತರ ಕಾರ್ಡುಗಳ ವಿಮರ್ಶೆ

ಅಮೆರಿಕದ ಶಾಲೆಗಳಲ್ಲಿ ನಾಲ್ಕನೆಯ ಅಥವಾ ಐದನೆಯ ತರಗತಿಯ ಹೊತ್ತಿಗೆ ಮಕ್ಕಳು ತಮ್ಮ ದೇಶದ ವಸಾಹತು ಕಾಲದ ಇತಿಹಾಸವನ್ನು ಓದತೊಡಗುತ್ತಾರೆ. ಋತುಗಳು, ಶಿಲೆಗಳು, ನೀರಿನ ಚಕ್ರ, ಸಸ್ಯಗಳ ಆಹಾರ ತಯಾರಿಕೆ ಮುಂತಾದ ವಿಜ್ಞಾನದ ಪಾಠಗಳೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಬರುತ್ತವೆ. ಈ ಎರಡು ವಿಷಯಗಳ ಪುನರಾವರ್ತನೆಗೆಂದೇ ಮಾರಾಟವಾಗುವ ಪ್ರಶ್ನೋತ್ತರ ಕಾರ್ಡುಗಳ ಜೋಡಿ ಪೆಟ್ಟಿಗೆಯೊಂದನ್ನು ನಾವು ಈ ಶಾಲಾವರ್ಷದುದ್ದಕ್ಕೂ ಮನೆಯಲ್ಲಿ ಬಳಸಿದ್ದೇವೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅಂಗಡಿಯಲ್ಲಿ ಇದರ ಅಕ್ಕಪಕ್ಕ ಇಟ್ಟಿದ್ದ ಬೇರೆ ಪೆಟ್ಟಿಗೆಗಳನ್ನೂ ತಿರುವಿ ನೋಡಿದ್ದೇನೆ. ಗುಣದಲ್ಲಾಗಲಿ ದೋಷದಲ್ಲಾಗಲಿ ಅವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕರ್ನಾಟಕದಲ್ಲಿ ಓದಿ ಇಲ್ಲಿಗೆ ಬಂದ ನಮ್ಮಂಥ ತಂದೆತಾಯಿಯರಿಗೆ ವಿಜ್ಞಾನ ಹೇಗೋ ನೆನಪಿರುತ್ತದೆ, ಆದರೆ ಹದಿಮೂರು ವಸಾಹತುಗಳ ಕಥೆಯನ್ನು ಮಕ್ಕಳ ಜೊತೆಗೇ ಕಲಿಯಬೇಕಾಗುತ್ತದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಇತಿಹಾಸದ ಪಾಲೇ ಹೆಚ್ಚು.

ಇತಿಹಾಸಕ್ಕೆ ಕೆಂಪು ಪೆಟ್ಟಿಗೆ, ವಿಜ್ಞಾನಕ್ಕೆ ಹಸಿರು ಪೆಟ್ಟಿಗೆ. ಕಾರ್ಡುಗಳು ದಪ್ಪವಾಗಿವೆ, ಅಂಚು ಬೇಗ ಸುಲಿಯುವುದಿಲ್ಲ, ಅಕ್ಷರಗಳು ದೊಡ್ಡವು. ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ, ಉತ್ತರದ ಕೆಳಗೆ ಮೂರ್ನಾಲ್ಕು ಸಾಲುಗಳ ವಿವರಣೆ. ಕಾಗದ ಮತ್ತು ಮುದ್ರಣದ ಬಗ್ಗೆ ನನ್ನದೇನೂ ತಕರಾರಿಲ್ಲ.

ಹಸಿರು ಪೆಟ್ಟಿಗೆಯನ್ನು ಮೊದಲು ಹೊಗಳಿಬಿಡುತ್ತೇನೆ, ಏಕೆಂದರೆ ಅದನ್ನು ಸಿದ್ಧಪಡಿಸಿದವರಿಗೆ ಮಕ್ಕಳು ಎಲ್ಲಿ ಎಡವುತ್ತಾರೆಂಬುದು ಚೆನ್ನಾಗಿ ಗೊತ್ತಿದೆ. ಋತುಗಳ ಬಗೆಗಿನ ಕಾರ್ಡನ್ನೇ ನೋಡಿ. ಋತುಗಳು ಏಕೆ ಉಂಟಾಗುತ್ತವೆ ಎಂದು ಅದು ನೇರವಾಗಿ ಕೇಳುವುದಿಲ್ಲ. ಭೂಮಿಯು ಜನವರಿಯ ಆರಂಭದಲ್ಲಿ ಸೂರ್ಯನಿಗೆ ಅತ್ಯಂತ ಸಮೀಪ, ಅಂದರೆ ಸುಮಾರು 14 ಕೋಟಿ 70 ಲಕ್ಷ ಕಿಲೋಮೀಟರ್ ದೂರದಲ್ಲಿ ಇರುತ್ತದೆ. ಜುಲೈ ತಿಂಗಳ ಆರಂಭದಲ್ಲಿ ಆ ದೂರ ಸುಮಾರು 15 ಕೋಟಿ 20 ಲಕ್ಷ ಕಿಲೋಮೀಟರ್ ಆಗುತ್ತದೆ. ಹಾಗಿದ್ದರೆ ಬಾಸ್ಟನ್ನಿನಲ್ಲಿ ಜನವರಿಯಲ್ಲೇ ಏಕೆ ಹಿಮ ಬೀಳುತ್ತದೆ ಎಂದು ಕೇಳುತ್ತದೆ. ಸೂರ್ಯ ಹತ್ತಿರ ಬಂದಾಗ ಬೇಸಿಗೆ ಎಂಬ, ದೊಡ್ಡವರಲ್ಲೂ ಬೇರೂರಿರುವ ತಪ್ಪು ಕಲ್ಪನೆ ಆ ಒಂದು ಪ್ರಶ್ನೆಯಿಂದಲೇ ಅಲುಗಾಡುತ್ತದೆ. ಹಿಂಬದಿಯಲ್ಲಿ ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿರುವುದು, ಆ ಕಾರಣಕ್ಕೆ ಚಳಿಗಾಲದಲ್ಲಿ ಬಿಸಿಲು ಓರೆಯಾಗಿ ಬಿದ್ದು ಹೆಚ್ಚು ಜಾಗಕ್ಕೆ ಹರಡಿಹೋಗುವುದು, ಹಗಲೂ ಚಿಕ್ಕದಾಗುವುದು, ಇವೆಲ್ಲ ಒಂದು ಚಿತ್ರದೊಡನೆ ಸ್ಪಷ್ಟವಾಗಿವೆ.

ಮರದ ತೂಕ ಎಲ್ಲಿಂದ ಬರುತ್ತದೆ ಎಂಬ ಕಾರ್ಡೂ ಇಷ್ಟೇ ಸೊಗಸಾಗಿದೆ. ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿಯೊಂದನ್ನು ನೆಟ್ಟು ಐದು ವರ್ಷ ಬರಿಯ ನೀರುಣಿಸಿ ಬೆಳೆಸಿದ. ಕೊನೆಯಲ್ಲಿ ಮರದ ತೂಕ ಸುಮಾರು 164 ಪೌಂಡ್ ಹೆಚ್ಚಿತ್ತು, ಮಣ್ಣಿನಲ್ಲಿ ಕಡಿಮೆಯಾದದ್ದು ಕೇವಲ 2 ಔನ್ಸ್. ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಅವನು ತೀರ್ಮಾನಿಸಿದ. ಆ ತೀರ್ಮಾನದಲ್ಲಿ ಏನು ಬಿಟ್ಟುಹೋಗಿದೆ ಎಂದು ಕಾರ್ಡು ಮಗುವನ್ನೇ ಕೇಳುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಂಬ ಉತ್ತರಕ್ಕೆ ಮಗು ತಾನಾಗಿಯೇ ಬಂದು ತಲುಪಿದರೆ ಅದನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಶಿಲೆಗಳು, ಖನಿಜಗಳ ಗಡಸುತನದ ಮೋಸ್ ಮಾಪನ, ಚಂದ್ರನ ಕಲೆಗಳು, ಆಹಾರ ಸರಪಳಿ ಇವುಗಳ ಕಾರ್ಡುಗಳು ಸಾಧಾರಣವಾಗಿದ್ದರೂ ಸರಿಯಾಗಿವೆ.

ಕೆಂಪು ಪೆಟ್ಟಿಗೆಯಲ್ಲಿ ಈ ಜಾಣತನ ಕಾಣುವುದಿಲ್ಲ. ಜೇಮ್ಸ್‌ಟೌನ್ ಸ್ಥಾಪನೆಯಾದದ್ದು ಯಾವಾಗ? 1607. ಮೇಫ್ಲವರ್ ಹಡಗು ಬಂದದ್ದು ಯಾವಾಗ? 1620. ರೋಡ್ ಐಲೆಂಡಿನಲ್ಲಿ ಪ್ರಾವಿಡೆನ್ಸ್ ನೆಲೆಯನ್ನು ಸ್ಥಾಪಿಸಿದವರು ಯಾರು? ರೋಜರ್ ವಿಲಿಯಮ್ಸ್, 1636. ಪೆನ್ಸಿಲ್ವೇನಿಯಾದ ಸನ್ನದು ಯಾರಿಗೆ ದೊರೆಯಿತು? ವಿಲಿಯಂ ಪೆನ್, 1681. ಉತ್ತರಗಳು ತಪ್ಪಲ್ಲ. ಆದರೆ ಒಂದು ಪೆಟ್ಟಿಗೆ ಏಕೆ ಎಂದು ಕೇಳುತ್ತಿರುವಾಗ ಇನ್ನೊಂದು ಯಾರು, ಯಾವಾಗ ಎಂಬಲ್ಲಿಗೇ ನಿಂತುಬಿಡುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಕೆಂಪು ಪೆಟ್ಟಿಗೆ ಕೇಳದೆ ಬಿಟ್ಟ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಹಸಿರು ಪೆಟ್ಟಿಗೆಯಲ್ಲೇ ಇದೆ, ಆದರೆ ಅದನ್ನು ತೋರಿಸುವ ಒಂದು ಸಾಲೂ ಎರಡರಲ್ಲಿ ಯಾವುದರಲ್ಲಿಯೂ ಇಲ್ಲ.

ವರ್ಜೀನಿಯಾದ ಜೇಮ್ಸ್‌ಟೌನಿನ ಕಾರ್ಡನ್ನು ತೆಗೆದುಕೊಳ್ಳೋಣ. ಮೊದಲ ವಸಾಹತುಗಾರರಲ್ಲಿ ಬಹಳ ಮಂದಿ ಸತ್ತದ್ದೇಕೆ ಎಂಬುದಕ್ಕೆ ಹಿಂಬದಿಯಲ್ಲಿ ‘ಅವರು ಚಿನ್ನ ಹುಡುಕುತ್ತಿದ್ದರು, ಬೇಸಾಯ ಮಾಡಲಿಲ್ಲ’ ಎಂದಷ್ಟೇ ಇದೆ. ಇದರಲ್ಲಿ ನಿಜವಿಲ್ಲದಿಲ್ಲ, ಆದರೆ ಸತ್ತವರನ್ನು ಸೋಮಾರಿಗಳೆಂದು ಕರೆದು ಕೈತೊಳೆದುಕೊಳ್ಳುವ ವಿವರಣೆಯಿದು. 1607ರ ಮೇ ತಿಂಗಳಲ್ಲಿ ನೂರಕ್ಕೂ ಸ್ವಲ್ಪ ಹೆಚ್ಚಿನ ಗಂಡಸರೂ ಹುಡುಗರೂ ಜೇಮ್ಸ್ ನದಿಯ ದಂಡೆಯ ಜೌಗು ನೆಲದಲ್ಲಿ ಇಳಿದರು. ದಡದ ಪಕ್ಕದಲ್ಲೇ ಹಡಗು ನಿಲ್ಲುವಷ್ಟು ಆಳವಿತ್ತು, ಸ್ಪೇನಿನವರ ದಾಳಿಯಿಂದ ರಕ್ಷಿಸಿಕೊಳ್ಳಲು ಜಾಗ ಅನುಕೂಲವಾಗಿತ್ತು. ಕುಡಿಯುವ ನೀರಿಗೆ ಮಾತ್ರ ಅದು ಕೆಟ್ಟ ಜಾಗ. ಅಲ್ಲಿ ನದಿಗೆ ಸಮುದ್ರದ ಉಬ್ಬರವಿಳಿತ ತಟ್ಟುತ್ತದೆ. ಬೇಸಿಗೆಯಲ್ಲಿ ಮೇಲಿನಿಂದ ಹರಿದುಬರುವ ಸಿಹಿನೀರು ಕಡಿಮೆಯಾದಾಗ ಉಪ್ಪುನೀರು ಒಳನಾಡಿನ ಕಡೆಗೆ ನುಗ್ಗುತ್ತದೆ. ಮೊದಲ ವರ್ಷ ತುಂಬುವುದರೊಳಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತೀರಿಕೊಂಡರು.

ಸಾಲದೆಂಬಂತೆ ಅದು ಬರಗಾಲ. ವರ್ಜೀನಿಯಾದ ಜೌಗುಗಳಲ್ಲಿ ಬೆಳೆಯುವ ಬಹಳ ಹಳೆಯ ಸೈಪ್ರಸ್ ಮರಗಳ ಕಾಂಡದ ಉಂಗುರಗಳನ್ನು ಅಳೆದ ವಿಜ್ಞಾನಿಗಳು, 1606ರಿಂದ 1612ರವರೆಗಿನ ಏಳು ವರ್ಷಗಳು ಅದಕ್ಕೂ ಮೊದಲಿನ ಹಾಗೂ ನಂತರದ ಶತಮಾನಗಳನ್ನು ಸೇರಿಸಿ ಸುಮಾರು 770 ವರ್ಷಗಳಲ್ಲೇ ಅತ್ಯಂತ ಒಣ ಅವಧಿಯಾಗಿದ್ದವೆಂದು ತೋರಿಸಿದ್ದಾರೆ. ಮಳೆ ಕಡಿಮೆಯಾದ ವರ್ಷ ಉಂಗುರ ಕಿರಿದಾಗುತ್ತದೆ ಎಂಬುದು ಹಸಿರು ಪೆಟ್ಟಿಗೆಯ ಕಾರ್ಡೊಂದರಲ್ಲಿ ಚಿತ್ರಸಹಿತ ಇದೆ. ಬರದಲ್ಲಿ ನದಿಯ ನೀರು ಇನ್ನೂ ಉಪ್ಪಾಗುತ್ತದೆ, ಅಲ್ಲಿನ ಮೂಲನಿವಾಸಿಗಳಾದ ಪೌಹಾಟನ್ ಜನರ ಮುಸುಕಿನ ಜೋಳವೂ ಒಣಗುತ್ತದೆ; ತಮಗೇ ಸಾಲದಿರುವಾಗ ಅವರು ಹೊಸಬರಿಗೆ ಎಲ್ಲಿಂದ ಕೊಟ್ಟಾರು? 1609–10ರ ಚಳಿಗಾಲದ ‘ಹಸಿವಿನ ಕಾಲ’ದಲ್ಲಿ ಸುಮಾರು ಮುನ್ನೂರು ಮಂದಿಯಲ್ಲಿ ಬದುಕುಳಿದವರು ಅರವತ್ತರಷ್ಟು ಮಾತ್ರ ಎಂಬ ಸಂಖ್ಯೆ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಜೇಮ್ಸ್‌ಟೌನಿಗೂ ಮೊದಲು ಇಂಗ್ಲಿಷರು ಹೂಡಿದ್ದ ರೊವನೋಕ್ ನೆಲೆಯ ಬಗೆಗೂ ಇದೇ ಮಾತು. 1587ರಲ್ಲಿ ನೆಲೆಸಿದ ಆ ಜನರನ್ನು ಹುಡುಕಿಕೊಂಡು ಅವರ ಮುಖ್ಯಸ್ಥ ಜಾನ್ ವೈಟ್ 1590ರಲ್ಲಿ ಮರಳಿದಾಗ ಕಂಬದ ಮೇಲೆ ‘ಕ್ರೊಯಟೋವನ್’ ಎಂಬ ಕೆತ್ತನೆ ಮಾತ್ರ ಉಳಿದಿತ್ತು ಎಂದು ಕಾರ್ಡು ರೋಚಕವಾಗಿ ಹೇಳುತ್ತದೆ. 1587ರಿಂದ 1589ರವರೆಗೆ ಅಲ್ಲಿ ಕಡು ಬರವಿತ್ತೆಂದು ಅದೇ ಮರದ ಉಂಗುರಗಳು ಹೇಳುತ್ತವೆ, ಆ ವಿಷಯ ಕಾರ್ಡಿನಲ್ಲಿಲ್ಲ.

ಹವಾಮಾನದ ಇನ್ನೊಂದು ಒಗಟೂ ಹೀಗೆಯೇ ವ್ಯರ್ಥವಾಗಿದೆ. ಜೇಮ್ಸ್‌ಟೌನ್ ಸುಮಾರು 37 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಅಂದರೆ ಸ್ಪೇನಿನ ದಕ್ಷಿಣ ಭಾಗದ ನೇರಕ್ಕೆ. ಮೇಫ್ಲವರಿನವರು ನೆಲೆಸಿದ ಪ್ಲಿಮತ್ ಸುಮಾರು 42 ಡಿಗ್ರಿಯಲ್ಲಿದೆ, ಲಂಡನ್ನಿಗಿಂತ ಎಷ್ಟೋ ದಕ್ಷಿಣಕ್ಕೆ. ಅಕ್ಷಾಂಶವೊಂದನ್ನೇ ನಂಬಿ ಬಂದ ಇಂಗ್ಲಿಷರು ಬೆಚ್ಚನೆಯ ನಾಡನ್ನು ನಿರೀಕ್ಷಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಿಕ್ಕಿದ್ದು ಮಾತ್ರ ಲಂಡನ್ನಿಗಿಂತ ಕಟುವಾದ ಚಳಿ. ಗಾಳಿ ಪಶ್ಚಿಮದಿಂದ ಬೀಸುವ ಆ ವಲಯದಲ್ಲಿ ಇಂಗ್ಲೆಂಡಿಗೆ ಸಾಗರದ ಮೇಲಿಂದ ಗಾಳಿ ಬರುತ್ತದೆ, ಅಮೆರಿಕದ ಪೂರ್ವ ಕರಾವಳಿಗೆ ಚಳಿಗಾಲದಲ್ಲಿ ಕೊರೆಯುವ ನೆಲದ ಮೇಲಿಂದ ಬರುತ್ತದೆ. ಹಸಿರು ಪೆಟ್ಟಿಗೆಯಲ್ಲಿ ನೆಲ ಬೇಗ ಕಾದು ಬೇಗ ತಣಿಯುತ್ತದೆ, ನೀರು ನಿಧಾನ ಎಂಬ ಕಾರ್ಡಿದೆ. ಅದನ್ನೇ ಪ್ಲಿಮತ್ತಿನ ಕಾರ್ಡಿನ ಪಕ್ಕ ಇಟ್ಟರೆ, ಮೇಫ್ಲವರಿನ 102 ಪ್ರಯಾಣಿಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮೊದಲ ಚಳಿಗಾಲದಲ್ಲೇ ಸತ್ತದ್ದಕ್ಕೆ ಒಂದು ಕಾರಣವಾದರೂ ಸಿಗುತ್ತದೆ.

ವಸಾಹತುಗಳನ್ನು ನ್ಯೂ ಇಂಗ್ಲೆಂಡ್, ಮಧ್ಯ, ದಕ್ಷಿಣ ಎಂದು ಮೂರಾಗಿ ವಿಂಗಡಿಸುವ ಕಾರ್ಡುಗಳು ಪರೀಕ್ಷೆಗೆ ಬಹಳ ಉಪಯುಕ್ತ. ಉತ್ತರದಲ್ಲಿ ಮೀನುಗಾರಿಕೆ ಮತ್ತು ಹಡಗು ನಿರ್ಮಾಣ, ಮಧ್ಯದಲ್ಲಿ ಗೋಧಿ, ದಕ್ಷಿಣದಲ್ಲಿ ಹೊಗೆಸೊಪ್ಪು, ಭತ್ತ, ನೀಲಿ ಎಂದು ಮಕ್ಕಳು ಗಡಗಡ ಹೇಳುತ್ತಾರೆ. ನ್ಯೂ ಇಂಗ್ಲೆಂಡಿನ ನೆಲ ಕಲ್ಲುಮಯ ಎಂದು ಬರೆದವರು, ಹಿಮಯುಗದ ನೀರ್ಗಲ್ಲಿನ ಹಾಸು ಆ ಕಲ್ಲುಗಳನ್ನು ಹೊತ್ತು ತಂದು ಸುರಿದು ಹೋಯಿತೆಂದು ಒಂದು ಸಾಲು ಸೇರಿಸಬಹುದಿತ್ತು. ಹೊಲದಿಂದ ಹೆಕ್ಕಿ ಪೇರಿಸಿದ ಆ ಕಲ್ಲುಗಳ ಗೋಡೆಗಳು ಇಂದಿಗೂ ಅಲ್ಲಿನ ಕಾಡುಗಳ ನಡುವೆ ಹಾದುಹೋಗುತ್ತವೆ. ಮಗುವನ್ನು ಕರೆದುಕೊಂಡು ಹೋಗಿ ಮುಟ್ಟಿಸಿ ತೋರಿಸಬಹುದಾದ ಪಾಠವಿದು.

ಸ್ಕ್ವಾಂಟೋ ಎಂಬ ಮೂಲನಿವಾಸಿಯ ಕಾರ್ಡು ನನಗೆ ಈ ಇಡೀ ಪೆಟ್ಟಿಗೆಯಲ್ಲೇ ಅತ್ಯಂತ ನಿರಾಸೆ ತಂದದ್ದು. ‘ಯಾತ್ರಿಕರಿಗೆ ಮುಸುಕಿನ ಜೋಳ ಬೆಳೆಯಲು ಕಲಿಸಿದ, ಇಂಗ್ಲಿಷ್ ಬಲ್ಲ ಸ್ನೇಹಿತ’ ಎಂದು ಅವನನ್ನು ಪರಿಚಯಿಸಲಾಗಿದೆ (ಯಾತ್ರಿಕರೆಂದರೆ ಮೇಫ್ಲವರಿನಲ್ಲಿ ಬಂದವರು). ಅವನಿಗೆ ಇಂಗ್ಲಿಷ್ ಹೇಗೆ ಬರುತ್ತಿತ್ತು ಎಂದು ಯಾವ ಮಗುವೂ ಕೇಳುತ್ತದೆ. 1614ರಲ್ಲಿ ಇಂಗ್ಲಿಷ್ ಹಡಗಿನ ಕಪ್ತಾನನೊಬ್ಬ ಅವನನ್ನು ಅಪಹರಿಸಿ ಸ್ಪೇನಿನಲ್ಲಿ ಮಾರಲು ಒಯ್ದ. ಅಲ್ಲಿಂದ ಹೇಗೋ ಇಂಗ್ಲೆಂಡ್ ಸೇರಿ 1619ರಲ್ಲಿ ಊರಿಗೆ ಮರಳಿದರೆ ಅವನ ಪಟುಕ್ಸೆಟ್ ಗ್ರಾಮದಲ್ಲಿ ಒಬ್ಬರೂ ಉಳಿದಿರಲಿಲ್ಲ. ಯುರೋಪಿನವರಿಂದ ಬಂದ ಸಾಂಕ್ರಾಮಿಕವೊಂದು ಆ ಕರಾವಳಿಯನ್ನು ಬರಿದು ಮಾಡಿತ್ತು. ಯಾತ್ರಿಕರು ಪ್ಲಿಮತ್ ಕಟ್ಟಿದ್ದು ಆ ಪಾಳುಬಿದ್ದ ಊರಿನ ಜಾಗದಲ್ಲೇ. ಹತ್ತು ವರ್ಷದ ಮಗುವಿಗೆ ಇದನ್ನು ಹೇಳಬಾರದೆಂದು ಕಂಪನಿ ಭಾವಿಸಿದ್ದರೆ ಅದನ್ನು ನಾನು ಒಪ್ಪುವುದಿಲ್ಲ.

ಬೇಸಾಯದ ವಿಷಯವೂ ಅರ್ಧಕ್ಕೇ ನಿಂತಿದೆ. ಮುಸುಕಿನ ಜೋಳ, ಹುರುಳಿ ಜಾತಿಯ ಅವರೆ, ಕುಂಬಳ ಇವನ್ನು ಒಟ್ಟಿಗೆ ಬೆಳೆಯುವ ಮೂಲನಿವಾಸಿಗಳ ಪದ್ಧತಿಗೆ ‘ಮೂವರು ಸೋದರಿಯರು’ ಎಂದು ಹೆಸರು. ಅವರೆಯ ಬಳ್ಳಿ ಜೋಳದ ದಂಟಿಗೆ ಹಬ್ಬುತ್ತದೆ, ಕುಂಬಳದ ಅಗಲ ಎಲೆಗಳು ನೆಲದ ತೇವ ಕಾಯುತ್ತವೆ, ಅವರೆಯ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗುವ ರೂಪಕ್ಕೆ ತರುತ್ತವೆ. ಅಕ್ಕಡಿ ಬೆಳೆಯ ನಾಡಿನಿಂದ ಬಂದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ವರ್ಜೀನಿಯಾದ ಹೊಗೆಸೊಪ್ಪು. ಜಾನ್ ರಾಲ್ಫ್ 1612ರ ಸುಮಾರಿಗೆ ಆರಂಭಿಸಿದ ಆ ಬೆಳೆ ಮೂರ್ನಾಲ್ಕು ವರ್ಷಗಳಲ್ಲೇ ನೆಲದ ಸಾರವನ್ನು ಹೀರಿಬಿಡುತ್ತಿತ್ತು. ತೋಟದ ಒಡೆಯರು ಹೊಸ ನೆಲಕ್ಕಾಗಿ ಮತ್ತೆ ಮತ್ತೆ ಒಳನಾಡಿಗೆ ಸರಿದರು. ಆ ನೆಲ ಮೂಲನಿವಾಸಿಗಳದಾಗಿತ್ತು, ಅದನ್ನು ಕಡಿದು ಹದಮಾಡಲು ದುಡಿಯುವ ಕೈಗಳು ಬೇಕಾಗಿದ್ದವು. ಸಾರಜನಕದ ಕಾರ್ಡು ಹಸಿರು ಪೆಟ್ಟಿಗೆಯಲ್ಲಿ, ಹೊಗೆಸೊಪ್ಪಿನ ಕಾರ್ಡು ಕೆಂಪು ಪೆಟ್ಟಿಗೆಯಲ್ಲಿ ಪರಸ್ಪರ ಪರಿಚಯವಿಲ್ಲದೆ ಕುಳಿತಿವೆ.

ಗುಲಾಮಗಿರಿಯ ವಿಷಯದಲ್ಲಿ ಕಾರ್ಡುಗಳು ನುಣುಚಿಕೊಳ್ಳುವುದಿಲ್ಲ ಎಂಬುದನ್ನು ಹೇಳಲೇಬೇಕು. 1619ರ ಜುಲೈನಲ್ಲಿ ಜೇಮ್ಸ್‌ಟೌನಿನಲ್ಲಿ ಮೊದಲ ಪ್ರತಿನಿಧಿ ಸಭೆ ಸೇರಿದ್ದು ಮತ್ತು ಅದೇ ವರ್ಷದ ಆಗಸ್ಟಿನಲ್ಲಿ ಸೆರೆಯಾಳಾದ ಆಫ್ರಿಕನ್ನರನ್ನು ಹೊತ್ತ ಹಡಗು ಪಾಯಿಂಟ್ ಕಂಫರ್ಟಿಗೆ ಬಂದದ್ದು, ಇವೆರಡನ್ನೂ ಒಂದೇ ಕಾರ್ಡಿನ ಮೇಲೆ ಮುದ್ರಿಸಿ ಎರಡನ್ನೂ ಒಟ್ಟಿಗೆ ಯೋಚಿಸು ಎಂದಿದ್ದಾರೆ. ಕೆಂಪು ಪೆಟ್ಟಿಗೆಯಲ್ಲಿ ನಾನು ನಿಜವಾಗಿ ಮೆಚ್ಚಿದ ಕಾರ್ಡು ಇದು. ಆದರೆ 1721ರ ಬಾಸ್ಟನ್ ಸಿಡುಬಿನ ಕಥೆ ಇಲ್ಲದಿರುವುದು ದೊಡ್ಡ ಕೊರತೆ. ಒನೆಸಿಮಸ್ ಎಂಬ ಗುಲಾಮ, ಆಫ್ರಿಕಾದಲ್ಲಿ ಸಿಡುಬಿನ ಕೀವನ್ನು ಆರೋಗ್ಯವಂತರ ಚರ್ಮಕ್ಕೆ ತಾಗಿಸಿ ರೋಗವನ್ನು ಹಗುರಾಗಿಸುವ ಪದ್ಧತಿಯಿದೆಯೆಂದು ತನ್ನ ಒಡೆಯ ಪಾದ್ರಿ ಕಾಟನ್ ಮ್ಯಾದರನಿಗೆ ತಿಳಿಸಿದ್ದ. ಊರಿನವರ ತೀವ್ರ ವಿರೋಧದ ನಡುವೆ ವೈದ್ಯ ಬಾಯ್ಲ್‌ಸ್ಟನ್ ಅದನ್ನು ಪ್ರಯೋಗಿಸಿದ. ತಾನಾಗಿ ಸಿಡುಬು ತಗುಲಿದವರಲ್ಲಿ ಶೇ. 14ರಷ್ಟು ಮಂದಿ ಸತ್ತರೆ, ಹೀಗೆ ಹಾಕಿಸಿಕೊಂಡವರಲ್ಲಿ ಸತ್ತದ್ದು ಶೇ. 2ರಷ್ಟು. ರೋಗನಿರೋಧಕ ಶಕ್ತಿ, ಸಂಖ್ಯೆಗಳ ಹೋಲಿಕೆ, ಗುಲಾಮನ ತಿಳಿವಳಿಕೆಯನ್ನು ಪಡೆದೂ ಅವನನ್ನು ಗುಲಾಮನಾಗಿಯೇ ಕಂಡ ಸಮಾಜ, ಇಷ್ಟನ್ನೂ ಒಂದೇ ಕಾರ್ಡಿನಲ್ಲಿ ಹಿಡಿದಿಡಬಹುದಿತ್ತು.

ಚಹಾದ ಕಾರ್ಡಿನಲ್ಲಿರುವುದು ಕೊರತೆಯಲ್ಲ, ತಪ್ಪು. 1773ರ ಚಹಾ ಕಾಯ್ದೆ ಚಹಾದ ಮೇಲಿನ ತೆರಿಗೆಯನ್ನು ಏರಿಸಿತು, ಅದಕ್ಕಾಗಿ ಬಾಸ್ಟನ್ನಿನವರು ಸಿಡಿದೆದ್ದರು ಎಂದು ಅದರಲ್ಲಿದೆ. ಪೌಂಡಿಗೆ 3 ಪೆನ್ಸಿನ ಸುಂಕ 1767ರ ಟೌನ್‌ಶೆಂಡ್ ಕಾಯ್ದೆಯಿಂದಲೇ ಬಂದದ್ದು. 1773ರ ಕಾಯ್ದೆ ಅದನ್ನು ಹಾಗೆಯೇ ಉಳಿಸಿತು. ಅದು ಮಾಡಿದ್ದು ಈಸ್ಟ್ ಇಂಡಿಯಾ ಕಂಪನಿಗೆ ನೇರವಾಗಿ ಅಮೆರಿಕಕ್ಕೆ ಚಹಾ ಸಾಗಿಸುವ ಅವಕಾಶವನ್ನೂ ಬ್ರಿಟನ್ನಿನಲ್ಲಿ ತೆರುವ ಸುಂಕದಿಂದ ವಿನಾಯಿತಿಯನ್ನೂ ಕೊಟ್ಟದ್ದು, ಅದರಿಂದ ಚಹಾ ಅಗ್ಗವೇ ಆಗುತ್ತಿತ್ತು. ಅಗ್ಗದ ಚಹಾ ಕುಡಿದರೆ ತಮ್ಮ ಪ್ರತಿನಿಧಿಗಳಿಲ್ಲದ ಸಂಸತ್ತು ಹಾಕಿದ ತೆರಿಗೆಯನ್ನು ಒಪ್ಪಿಕೊಂಡಂತಾಗುತ್ತದೆ, ಸ್ಥಳೀಯ ವ್ಯಾಪಾರಿಗಳೂ ಮುಳುಗುತ್ತಾರೆ ಎಂಬುದು ಅವರ ತಕರಾರು. ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಚಹಾ ಬಂದರಿನ ನೀರು ಸೇರಿತು. ಬೆಲೆ ಇಳಿದರೂ ಜನ ಏಕೆ ರೊಚ್ಚಿಗೇಳುತ್ತಾರೆ ಎಂಬುದು ಎಂಥ ಒಳ್ಳೆಯ ಪ್ರಶ್ನೆ! ಋತುಗಳ ಕಾರ್ಡು ಬರೆದವರ ಕೈಗೆ ಇದು ಸಿಗಬೇಕಿತ್ತು.

ಇಲ್ಲಿ ಕನ್ನಡದ ಮನೆಗಳಲ್ಲಿ ಸೇರಿಸಬಹುದಾದ ಮಾತೊಂದಿದೆ. ಆ ಚಹಾ ಚೀನಾದ್ದು, ಕಂಪನಿ ಮಾತ್ರ ನಾವು ಬಲ್ಲ ಕಂಪನಿಯೇ, 1767–69ರಲ್ಲಿ ಹೈದರ್ ಅಲಿಯೊಡನೆ ಮೊದಲ ಮೈಸೂರು ಯುದ್ಧವನ್ನು ಹೂಡಿದ್ದ ಕಂಪನಿ. ಅಮೆರಿಕದ ಕ್ರಾಂತಿಕಾರರಿಗೆ ಈ ನಂಟು ತಿಳಿಯದೆ ಇರಲಿಲ್ಲ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’. ಕಾರ್ಡಿನಲ್ಲಿ ಇದು ಇರಬೇಕೆಂದು ನಾನು ಹೇಳುವುದಿಲ್ಲ. ಅಜ್ಜ-ಅಜ್ಜಿಯರು ಫೋನಿನಲ್ಲಿ ಮೊಮ್ಮಕ್ಕಳಿಗೆ ಹೇಳಬಹುದಾದ ಕಥೆ ಎಂದು ಬರೆಯುತ್ತಿದ್ದೇನೆ.

ಎರಡೂ ಪೆಟ್ಟಿಗೆಗಳಲ್ಲಿ ಕಾಣಿಸಿಕೊಳ್ಳುವ ಏಕೈಕ ವ್ಯಕ್ತಿ ಬೆಂಜಮಿನ್ ಫ್ರಾಂಕ್ಲಿನ್. ಆದರೆ ಕೆಂಪು ಪೆಟ್ಟಿಗೆಯ ಚಿತ್ರದಲ್ಲಿ ಸಿಡಿಲು ನೇರವಾಗಿ ಗಾಳಿಪಟಕ್ಕೇ ಹೊಡೆಯುತ್ತಿದೆ. ಹಾಗೆ ಹೊಡೆದಿದ್ದರೆ ದಾರ ಹಿಡಿದವನು ಉಳಿಯುತ್ತಿರಲಿಲ್ಲ. 1752ರ ಜೂನ್ ತಿಂಗಳ ಆ ಪ್ರಯೋಗದಲ್ಲಿ ಮೋಡದ ವಿದ್ಯುದಾವೇಶ ಒದ್ದೆಯಾದ ಸೆಣಬಿನ ದಾರದ ಮೂಲಕ ಇಳಿದು ಕೀಲಿಕೈಯಲ್ಲಿ ಸೇರಿತು, ಬೆರಳಗಂಟನ್ನು ಹತ್ತಿರ ಒಯ್ದಾಗ ಕಿಡಿ ಹಾರಿತು. ಫ್ರಾಂಕ್ಲಿನ್ ಕೈಯಲ್ಲಿ ಹಿಡಿದದ್ದು ಒಣ ರೇಷ್ಮೆಯ ಪಟ್ಟಿಯನ್ನು. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇಂಥದೇ ಪ್ರಯೋಗಕ್ಕೆ ಕೈಹಾಕಿದ ವಿಜ್ಞಾನಿ ರಿಚ್‌ಮನ್ ಸಿಡಿಲಿಗೆ ಬಲಿಯಾದ. ಮಕ್ಕಳು ನೋಡುವ ಚಿತ್ರದಲ್ಲಿ ಈ ಎಚ್ಚರ ಇರಲೇಬೇಕಿತ್ತು.

ಅದೇ 1752ರಲ್ಲಿ ಬ್ರಿಟನ್ ಮತ್ತು ಅದರ ವಸಾಹತುಗಳು, ಅಧಿಕ ವರ್ಷಗಳ ಹಳೆಯ ಲೆಕ್ಕದಲ್ಲಿ ಸೇರಿಹೋಗಿದ್ದ ತಪ್ಪನ್ನು ತಿದ್ದಿದ ಹೊಸ ಪಂಚಾಂಗಕ್ಕೆ ಬದಲಾದವು. ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಬಂತು. ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದ ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11ರಂದು ಹುಟ್ಟಿದ ಜಾರ್ಜ್ ವಾಷಿಂಗ್ಟನ್ ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22ರಂದು ಹುಟ್ಟಿದವನಾದ. ಕೆಂಪು ಕಾರ್ಡು ಎರಡನೆಯ ತಾರೀಖನ್ನು ಮಾತ್ರ ಕೊಡುತ್ತದೆ, ಹಸಿರು ಕಾರ್ಡು ಅಧಿಕ ವರ್ಷ ಏಕೆ ಬೇಕೆಂದು ಕೇಳುತ್ತದೆ.

ಪೆಟ್ಟಿಗೆಯ ಜೊತೆಗೆ ಬರುವ ಮೊಬೈಲ್ ಆಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಉತ್ತರ ಕೊಟ್ಟ ವೇಗಕ್ಕೆ ಅಂಕ ನೀಡುತ್ತದೆ, ಹೀಗಾಗಿ ಮಕ್ಕಳು ವಿವರಣೆಯನ್ನು ಓದದೆ ಮುಂದೆ ಒತ್ತುತ್ತಾರೆ. ನಾವು ಅದನ್ನು ಅಳಿಸಿಬಿಟ್ಟೆವು.

ಎರಡು ಪೆಟ್ಟಿಗೆಗಳನ್ನು ಬಿಡಿಯಾಗಿಯೂ ಮಾರುತ್ತಾರೆ. ಹಸಿರು ಪೆಟ್ಟಿಗೆಯನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಕೆಂಪು ಪೆಟ್ಟಿಗೆ ತರಗತಿಯ ಕಿರುಪರೀಕ್ಷೆಯ ಹಿಂದಿನ ರಾತ್ರಿ ಹೆಸರು, ಇಸವಿಗಳನ್ನು ಮೆಲುಕು ಹಾಕಲು ಸಾಕು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸುವವರು ಆ ಹಣವನ್ನು ಉಳಿಸಿಕೊಂಡು ಊರಿನ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ಹೋಗುವುದು ಮೇಲು. ಈಗಾಗಲೇ ಎರಡನ್ನೂ ಕೊಂಡಿದ್ದರೆ ಕಾರ್ಡುಗಳನ್ನು ಪೆಟ್ಟಿಗೆಯಿಂದ ತೆಗೆದು ಜೋಡಿ ಮಾಡಿಡಿ: ಮರದ ಉಂಗುರದ ಜೊತೆ ಜೇಮ್ಸ್‌ಟೌನ್, ಸಾರಜನಕದ ಜೊತೆ ಹೊಗೆಸೊಪ್ಪು, ಅಧಿಕ ವರ್ಷದ ಜೊತೆ ವಾಷಿಂಗ್ಟನ್. ಚಹಾದ ಕಾರ್ಡಿನ ಹಿಂಬದಿಯನ್ನು ಮಾತ್ರ ಪೆನ್ನಿನಿಂದ ತಿದ್ದಿ ಕೊಡಿ.